ಒಗೆಯುವ ಕಲ್ಲಿನ ಹಿಂದಿನ ನಿಂಬೆಹಣ್ಣು

ಮೊದಲೇ ಹೇಳಿಬಿಡುತ್ತೇನೆ, ನಾನು ಮಾಟ ಮಂತ್ರ ನಂಬುವವಳಲ್ಲ. ಗುಬ್ಬಿಯಲ್ಲಿ ಇಪ್ಪತ್ತೆಂಟು ವರ್ಷ ಅಂಗನವಾಡಿ ಟೀಚರ್ ಆಗಿದ್ದವಳು. ಮಗುವಿಗೆ ದೃಷ್ಟಿಯಾಗಿದೆ ಅಂತ ತಾಯಂದಿರು ಅಳುತ್ತಾ ಬಂದರೆ, ಮೊದಲು ಅದಕ್ಕೆ ಜಂತುಹುಳದ ಮಾತ್ರೆ ಹಾಕ್ರಮ್ಮ ಅಂತ ಗದರಿಸಿ ಕಳಿಸಿದವಳು. ಹೀಗಿದ್ದೂ ಈ ಶ್ರಾವಣದ ಎರಡನೇ ಸೋಮವಾರ ಹಿತ್ತಿಲಲ್ಲಿ, ಒಗೆಯುವ ಕಲ್ಲಿನ ಹಿಂದೆ ಐದು ನಿಂಬೆಹಣ್ಣು ಕಂಡಾಗ ನನ್ನ ಎದೆ ಧಸಕ್ ಅಂದಿತು.

ಐದಕ್ಕೂ ಒಂದೊಂದು ತೂತು. ತೂತಿನೊಳಗೆ ಅರಿಸಿನ. ಮೇಲೆ ಒಣಗಿದ ನುಗ್ಗೆಸೊಪ್ಪು ಮುಚ್ಚಿತ್ತು, ಅದು ತಾನಾಗಿ ಉದುರಿದ ಸೊಪ್ಪಲ್ಲ, ಯಾರೋ ಬೇಕಂತಲೇ ಎಳೆದು ಹಾಕಿದ್ದು. ಯಾರೋ ಅಂದರೆ ಯಾರು? ಮನೆಯಲ್ಲಿ ಇರುವುದು ಮೂರೇ ಜನ. ನಾನು, ನನ್ನ ಮಗ ಮೋಹನ್‌ಕುಮಾರ್, ಮೂರು ತಿಂಗಳ ಹಿಂದೆ ಕುಣಿಗಲ್‌ನಿಂದ ಮದುವೆಯಾಗಿ ಬಂದ ಸೊಸೆ ಬಿಂದುಶ್ರೀ. ನಾನು ಇಟ್ಟಿಲ್ಲ. ಮೋಹನನಿಗೆ ಮನೆಯಲ್ಲಿ ನಿಂಬೆಹಣ್ಣು ಎಲ್ಲಿರುತ್ತೆ ಅನ್ನುವುದೇ ಗೊತ್ತಿಲ್ಲ.

ಉಗುರುಸುತ್ತು ಇರಬಹುದೇ ಅಂತ ಒಂದು ಗಳಿಗೆ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಬೆರಳ ತುದಿ ಊದಿ ಕೀವಾದರೆ ನಮ್ಮ ಕಡೆ ನಿಂಬೆಹಣ್ಣಿಗೆ ತೂತು ಮಾಡಿ, ಅರಿಸಿನ ತುಂಬಿ, ಟೋಪಿ ಹಾಕಿದ ಹಾಗೆ ಬೆರಳಿಗೆ ಸಿಕ್ಕಿಸುತ್ತಾರೆ. ಆದರೆ ಅದು ಒಂದು ಬೆರಳಿಗೆ ಒಂದು ಹಣ್ಣು. ಐದು ಬೆರಳಿಗೂ ಒಟ್ಟಿಗೇ ಉಗುರುಸುತ್ತು ಆದವರನ್ನು ನಾನು ಕಂಡಿಲ್ಲ. ಅದೂ ಅಲ್ಲದೆ ಉಗುರುಸುತ್ತಾದವರು ಬಚ್ಚಿಡುವುದಿಲ್ಲ, ಬೆರಳೆತ್ತಿಕೊಂಡು ಊರಿಗೆಲ್ಲ ತೋರಿಸಿ ಬರುತ್ತಾರೆ. ಬಿಂದುಶ್ರೀಯ ಹತ್ತು ಉಗುರೂ ಕಡುಗೆಂಪು ನೇಲ್ ಪಾಲಿಶ್‌ನಲ್ಲಿ ಫಳಫಳ ಅನ್ನುತ್ತಿದ್ದವು. ಹಾಗಾಗಿ ಆ ಯೋಚನೆಯನ್ನು ಅಲ್ಲೇ ಬಿಟ್ಟೆ.

ಪಕ್ಕದ ಮನೆಯ ನರಸಮ್ಮನನ್ನು ಕರೆದು ತೋರಿಸಿದ್ದು ಇನ್ನೊಂದು ಬುದ್ಧಿಗೇಡಿತನ. ಅವಳು ಕೈಯಲ್ಲಿ ಮುಟ್ಟಲಿಲ್ಲ. ಪೊರಕೆ ಕಡ್ಡಿಯಿಂದ ಒಂದನ್ನು ಉರುಳಿಸಿ ನೋಡಿದಳು.

"ಎಷ್ಟವೆ?"

"ಐದು."

"ಅಷ್ಟಕ್ಕೂ ತೂತಾ?"

"ಕಾಣಿಸ್ತಿಲ್ವೇನೇ ನಿಂಗೆ?"

"ನಾನೇನೂ ಹೇಳಾಕಿಲ್ಲ ಬುಡಕ್ಕ. ಹೇಳಿದ್ರೆ ನರಸಮ್ಮ ಮನೆ ಮುರಿದ್ಲು ಅಂತೀರ. ಆದ್ರೆ ಮೋಹನಪ್ಪ ಮದ್ವೆ ಆದ್ಮೇಲೆ ಸೊರಗವ್ನೆ. ಅದ್ ಮಾತ್ರ ಕಣ್ಣಿರೋರ್ಗೆಲ್ಲ ಕಾಣ್ತದೆ."

ಹೇಳುವುದಿಲ್ಲ ಅಂತಲೇ ಹೇಳುವವರ ಮಾತು ಬೇಗ ನಾಟುತ್ತದೆ. ಸಂಜೆಯ ಹೊತ್ತಿಗೆ ನನಗೂ ಮಗ ಸೊರಗಿದ ಹಾಗೆಯೇ ಕಂಡ. ತುಮಕೂರಿನ ಹತ್ತಿರದ ಸತ್ಯಮಂಗಲದ ಪೈಪ್ ಫ್ಯಾಕ್ಟರಿಯಲ್ಲಿ ಅವನು ಸೂಪರ್‌ವೈಸರ್, ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತದೆ, ಗ್ಯಾಸ್ಟ್ರಿಕ್ ಮೊದಲಿನಿಂದಲೂ ಇತ್ತು. ಆದರೆ ಅನುಮಾನ ಬಂದ ಮೇಲೆ ಮೊದಲಿನಿಂದಲೂ ಇದ್ದದ್ದೆಲ್ಲ ಹೊಸದಾಗಿ ಶುರುವಾದ ಹಾಗೆ ಕಾಣುತ್ತದೆ. ಜೂನ್‌ನಲ್ಲಿ ಮಿಕ್ಸಿ ಸುಟ್ಟಿತ್ತು. ಜುಲೈನಲ್ಲಿ ಮೋಹನನ ಬೈಕು ಸ್ಕಿಡ್ ಆಗಿತ್ತು. ಎಲ್ಲವೂ ಈ ಹುಡುಗಿ ಬಂದ ಮೇಲೆ ತಾನೇ?

ಅವಳ ಮೇಲೆ ಕಣ್ಣಿಟ್ಟೆ. ಕಣ್ಣಿಟ್ಟರೆ ಸಿಗದಿರುವುದು ಏನಿದೆ? ಮುದ್ದೆ ಚೆನ್ನಾಗಿಯೇ ತಿರುವುತ್ತಾಳೆ, ಆದರೆ ಕಟ್ಟುವುದಕ್ಕೆ ಕೈ ಹಾಕುವುದಿಲ್ಲ. ಸ್ಟೀಲ್ ಬಟ್ಟಲಿಗೆ ತುಪ್ಪ ಸವರಿ, ಅದರಲ್ಲಿ ಹಿಟ್ಟು ಹಾಕಿ, ಗಡಗಡ ಅಲ್ಲಾಡಿಸಿ ಉಂಡೆ ಮಾಡುತ್ತಾಳೆ. ಬೆಳ್ಳುಳ್ಳಿ ಸುಲಿ ಅಂದರೆ ಆಫೀಸಿಗೆ ಲೇಟಾಯಿತು ಅನ್ನುತ್ತಾಳೆ. ತುಮಕೂರಿನ ಇನ್ಶೂರೆನ್ಸ್ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳಿಗೆ ನಾಲ್ಕು ಎಸಳು ಬೆಳ್ಳುಳ್ಳಿ ಸುಲಿಯಲು ಪುರುಸೊತ್ತಿಲ್ಲ! ಈಚೆಗೆ ಹಳದಿ ಬಣ್ಣದ ರಬ್ಬರ್ ಗ್ಲೌಸ್ ಬೇರೆ ತಂದಿದ್ದಳು, ಪಾತ್ರೆ ತೊಳೆಯಲು. ಮೊದಮೊದಲು ನವಾಬರ ಮಗಳು ಅಂತ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ನಿಂಬೆಹಣ್ಣು ಸಿಕ್ಕ ಮೇಲೆ ಟಿವಿಯಲ್ಲಿ ಕೊಲೆ ಮಾಡುವವರೆಲ್ಲ ಗ್ಲೌಸ್ ಹಾಕಿಕೊಳ್ಳುವುದು ನೆನಪಾಗತೊಡಗಿತು.

ಅವಳು ಕೊಟ್ಟ ಕಾಫಿ ಕುಡಿಯುವುದನ್ನು ನಿಲ್ಲಿಸಿದೆ. ಬೇಡ ಅನ್ನಲಿಲ್ಲ, ಲೋಟ ಇಸಿದುಕೊಂಡು ಹಿತ್ತಿಲಿಗೆ ಹೋಗಿ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದೆ. ಗಿಡ ಒಣಗುತ್ತದೇನೋ ಅಂತ ದಿನಾ ನೋಡುತ್ತಿದ್ದೆ. ಒಣಗಲಿಲ್ಲ, ಇನ್ನೂ ಜೋರಾಗಿ ಚಿಗುರಿತು. ಅದೂ ನನಗೆ ಅನುಮಾನವೇ.

ಮೋಹನನಿಗೆ ಹೇಳಿದಾಗ ಅವನು ನಕ್ಕುಬಿಟ್ಟ. "ಅಮ್ಮ, ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದೋಳು ನೀನು. ನರಸಮ್ಮನ ಮಾತು ಕಟ್ಕೊಂಡು ಹಿಂಗಾಡ್ತೀಯಲ್ಲ."

"ಹಂಗಾದ್ರೆ ಆ ನಿಂಬೆಹಣ್ಣು ಏನ್ಲಾ?"

"ಇಲಿ ಕಚ್ಚಿರ್ಬೇಕು ಬಿಡು."

ಇಲಿ ಅರಿಸಿನ ತುಂಬುತ್ತದಾ? ಕೇಳಲಿಲ್ಲ. ಸಾಕ್ಷಿ ಸಿಗಲಿ, ಆಮೇಲೆ ಇವನ ಬಾಯಿ ಮುಚ್ಚಿಸುತ್ತೇನೆ ಅಂದುಕೊಂಡೆ.

ಸಾಕ್ಷಿ ಸಿಕ್ಕಿತು. ಎರಡು ವಾರ ಕಳೆದ ಮೇಲೆ ಒಂದು ಗುರುವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅವಳ ಆಫೀಸ್ ಬ್ಯಾಗು ತೆಗೆದೆ. ಸೊಸೆಯ ಬ್ಯಾಗಿಗೆ ಕೈ ಹಾಕುವುದು ತಪ್ಪು ಅಂತ ನನಗೆ ಗೊತ್ತು. ಗೊತ್ತಿದ್ದೇ ಹಾಕಿದೆ. ಒಳಗಿನ ಚಿಕ್ಕ ಜಿಪ್ಪಿನಲ್ಲಿ ಒಂದು ಬಿಳಿ ಪೊಟ್ಟಣವಿತ್ತು, ಹಿಂದೆಲ್ಲ ಆಸ್ಪತ್ರೆಯಲ್ಲಿ ಪುಡಿ ಕಟ್ಟಿ ಕೊಡುತ್ತಿದ್ದರಲ್ಲ, ಹಾಗೆ ಮಡಿಸಿದ್ದು. ಮೇಲೆ ಪೆನ್ನಿನಲ್ಲಿ ಶನಿವಾರದ ತಾರೀಕು. ಬಿಚ್ಚಿದರೆ ಉಗುರಿನ ಚೂರುಗಳು. ಹಳದಿಗಟ್ಟಿದ, ದಪ್ಪ, ಅಂಚೆಲ್ಲ ಪುಡಿಪುಡಿಯಾದ ಚೂರುಗಳು. ಇಪ್ಪತ್ತಾರು ವರ್ಷದ ಹುಡುಗಿಯ ಉಗುರಲ್ಲ ಅವು. ಮತ್ತೆ ಯಾರದು? ಬಗ್ಗಿ ನನ್ನ ಕಾಲಿನ ಹೆಬ್ಬೆರಳು ನೋಡಿಕೊಂಡೆ. ಅದೇ ಹಳದಿ, ಅದೇ ದಪ್ಪ.

ಕ್ಯಾಲೆಂಡರ್ ನೋಡಿದೆ, ಶನಿವಾರ ಅಮಾವಾಸ್ಯೆ. ಮಗನ ಮೇಲೆ ಅಂದುಕೊಂಡಿದ್ದೆ, ಅವಳು ಕೈ ಇಟ್ಟಿದ್ದು ನನ್ನ ಮೇಲೆ! ನನಗೆ ನಿಜವಾಗಿಯೂ ಭಯವಾಯಿತು. ನಾನು ಸತ್ತರೆ ಈ ಮನೆಯಲ್ಲಿ ಅವಳದೇ ದರಬಾರು, ಮೋಹನ ಅವಳು ಕುಣಿಸಿದ ಹಾಗೆ ಕುಣಿಯುತ್ತಾನೆ ಅಂತೆಲ್ಲ ನಿಂತ ಕಡೆಯೇ ಯೋಚಿಸಿದೆ.

ಶಿಫ್ಟ್ ಮುಗಿಸಿ ಬಂದು ಮಲಗಿದ್ದ ಮಗನನ್ನು ಎಬ್ಬಿಸಿ ಪೊಟ್ಟಣ ತೋರಿಸಿದೆ. ಈ ಸಲ ಅವನು ನಗಲಿಲ್ಲ. ಹಾಸಿಗೆಯ ಮೇಲೆ ಕೂತು ಚೂರುಗಳನ್ನು ನೋಡಿದ.

"ಎಲ್ಲಿ ಸಿಕ್ತು?"

"ಅವಳ ಬ್ಯಾಗಲ್ಲಿ. ಈಗ ಹೇಳು, ಇದೂ ಇಲಿ ಮಾಡಿದ್ದಾ?"

"ಕೇಳ್ತೀನಿ ಇರು," ಅಂದ. ದನಿ ಇಳಿದಿತ್ತು.

ಅವಳು ಬಚ್ಚಲಿನಿಂದ ಬಂದ ಮೇಲೆ ನಾನು ಹೋಗಿ ಆ ಪೊಟ್ಟಣವನ್ನು ನೀರೊಲೆಗೆ ಹಾಕಿದೆ. ಕೂದಲು ಸುಟ್ಟ ವಾಸನೆ ಬಂತು. ಪೂರ್ತಿ ಬೂದಿಯಾಗುವ ತನಕ ಅಲ್ಲೇ ನಿಂತಿದ್ದೆ. ಮನಸ್ಸು ಸ್ವಲ್ಪ ಹಗುರಾಯಿತು.

ಮೋಹನ ಕೇಳಿದ್ದು ಮಾರನೆಯ ದಿನ ಸಂಜೆ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ಏನಾದ್ರೂ ಮುಚ್ಚಿಡ್ತಿದೀಯಾ ಬಿಂದು ನಮ್ಮತ್ರ?"

ಬಳೆ ಸದ್ದಾಯಿತು. ಆಮೇಲೆ, "ಇಲ್ಲ. ಏನಿಲ್ಲ," ಅಂದಳು.

"ನಿಜ ಹೇಳು."

"ಏನಿಲ್ಲ ಅಂದ್ನಲ್ಲ."

"ಹಂಗಾದ್ರೆ ನಾಲ್ಕು ದಿನ ಕುಣಿಗಲ್‌ಗೆ ಹೋಗಿ ಬಾ. ಅಮ್ಮಂಗೂ ಸ್ವಲ್ಪ ಸಮಾಧಾನ ಆಗ್ಲಿ."

"ಆಯ್ತು," ಅಂದಳು. ಯಾಕೆ ಅಂತ ಒಂದು ಮಾತು ಕೇಳಲಿಲ್ಲ. ಕಳ್ಳಿಯಲ್ಲದಿದ್ದರೆ ಯಾಕೆ ಅಂತ ಕೇಳುತ್ತಿರಲಿಲ್ಲವೇ?

ನಾನೇ ಬಿಟ್ಟು ಬರುತ್ತೇನೆ ಅಂತ ಹೊರಟೆ. ನಾಲ್ಕು ದಿನ ಅನ್ನುವುದು ಮೋಹನನ ಲೆಕ್ಕ. ನನ್ನ ಲೆಕ್ಕವೇ ಬೇರೆ ಇತ್ತು. ಅವಳ ತಾಯಿಯ ಎದುರು ಎಲ್ಲ ಬಿಚ್ಚಿಡಬೇಕು. ಇಬ್ಬರನ್ನೂ ಯಡಿಯೂರಿಗೆ ಕರೆದುಕೊಂಡು ಹೋಗಿ ಸಿದ್ದಲಿಂಗೇಶ್ವರನ ಸನ್ನಿಧಿಯಲ್ಲಿ ಆಣೆ ಹಾಕಿಸಬೇಕು. ಹಾಕಲಿಲ್ಲವೋ, ಆ ಹುಡುಗಿ ಮತ್ತೆ ನನ್ನ ಹೊಸಿಲು ತುಳಿಯಕೂಡದು. ಇದನ್ನು ಯಾರಿಗೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಗುಬ್ಬಿಯಲ್ಲಿ ಬಸ್ಸು ಹತ್ತಿದೆವು. ಆಧಾರ್ ತೋರಿಸಿ ಇಬ್ಬರೂ ಫ್ರೀ ಟಿಕೆಟ್ ತಗೊಂಡೆವು. ಕಂಡಕ್ಟರ್ ಕಾರ್ಡು ವಾಪಸು ಕೊಟ್ಟಾಗ ಅವಳು ಬೆರಳು ಮಡಿಸಿಯೇ ಇಸಿದುಕೊಂಡಳು. ಆಮೇಲೆ ಕೈ ಎರಡನ್ನೂ ದುಪಟ್ಟಾ ಒಳಗೆ ಸೇರಿಸಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ತುಮಕೂರು ಬರುವ ತನಕ ನಾನು ಆ ದುಪಟ್ಟಾವನ್ನೇ ನೋಡುತ್ತಿದ್ದೆ. ಒಳಗೆ ಏನು ಮುರಿಯುತ್ತಿದ್ದಾಳೋ, ಏನು ಎಣಿಸುತ್ತಿದ್ದಾಳೋ.

ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದ ತಕ್ಷಣ, "ಅತ್ತೆ, ಇಲ್ಲೇ ಹತ್ರ ಒಂದು ಕೆಲ್ಸ ಇದೆ. ಹತ್ತೇ ನಿಮಿಷ. ನೀವು ಇಲ್ಲೇ ಕೂತಿರಿ," ಅಂದಳು.

"ಏನು ಕೆಲ್ಸ?"

"ಒಂದು ಕವರ್ ಕೊಡ್ಬೇಕಿತ್ತು ಒಬ್ರಿಗೆ."

ಅಮಾವಾಸ್ಯೆಯ ದಿನ, ಯಾರಿಗೋ, ಕವರು! ಕೊಡು ಹೋಗಮ್ಮ ಅಂದೆ. ಅವಳು ಬ್ಯಾಗಿನ ಚಿಕ್ಕ ಜಿಪ್ಪು ತೆಗೆದಳು. ಕೈ ಆಡಿಸಿದಳು. ದೊಡ್ಡ ಜಿಪ್ಪು ತೆಗೆದಳು. ಛತ್ರಿ, ಚಾರ್ಜರ್, ಟಿಫನ್ ಡಬ್ಬಿ, ಕರ್ಚೀಫು, ಒಂದೊಂದಾಗಿ ಬೆಂಚಿನ ಮೇಲೆ ಇಟ್ಟಳು. ಬ್ಯಾಗನ್ನು ತಲೆಕೆಳಗು ಮಾಡಿ ಒದರಿದಳು. ಮುಖ ಬಿಳಿಚಿಕೊಂಡಿತು.

"ಏನಮ್ಮ ಹುಡುಕ್ತಿದೀಯ?"

"ಏನಿಲ್ಲ."

"ಇಲ್ದೇ ಇರೋದನ್ನ ಇಷ್ಟೊಂದು ಹುಡುಕ್ತಾರಾ?"

"ಅತ್ತೆ, ಇದರಲ್ಲಿ ಒಂದು ಚಿಕ್ಕ ಪೊಟ್ಟಣ ಇತ್ತು. ನೀವೇನಾದ್ರೂ ನೋಡಿದ್ರಾ?"

"ನಿನ್ನ ಬ್ಯಾಗಿಗೂ ನಂಗೂ ಏನಮ್ಮ ಸಂಬಂಧ?" ಅಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ, ನನಗೇ ಆಶ್ಚರ್ಯ. ಅವಳು ಒಂದೊಂದೇ ಸಾಮಾನನ್ನು ವಾಪಸು ತುಂಬಿದಳು, ಕಣ್ಣಲ್ಲಿ ನೀರಿತ್ತು. ನನಗೆ ಒಂದು ಚೂರೂ ಕನಿಕರ ಹುಟ್ಟಲಿಲ್ಲ. ಗೆದ್ದೆ ಅಂತ ಖುಷಿಯಾಯಿತು. ಕುಣಿಗಲ್ ಬಸ್ಸಿನಲ್ಲಿ ಕೂತ ಮೇಲೆ ಕಡಲೆಕಾಯಿ ತಗೊಂಡು ಒಬ್ಬಳೇ ತಿಂದೆ.

ಕುಣಿಗಲ್‌ನಲ್ಲಿ ಅವಳ ತವರುಮನೆ ದೊಡ್ಡಕೆರೆ ಕಡೆಗೆ ಹೋಗುವ ದಾರಿಯಲ್ಲಿದೆ. ತಾಯಿ ಚಿಕ್ಕಮಾರಮ್ಮ ಗಂಡನಿಲ್ಲದ ಹೆಂಗಸು. ಸುಗ್ಗಿಯಲ್ಲಿ ಹುಣಸೆಹಣ್ಣು ಕುಟ್ಟಿ, ಬೀಜ ಬಿಡಿಸಿ, ನಾರು ತೆಗೆದು ಮಂಡಿಯವರಿಗೆ ಕೊಟ್ಟೇ ಮಗಳನ್ನು ಬಿ.ಕಾಂ. ಓದಿಸಿದವಳು. ನಮ್ಮನ್ನು ಕಂಡು ಸಂಭ್ರಮದಿಂದ ಚಾಪೆ ಹಾಸಿದಳು, ನೀರು ಕೊಟ್ಟಳು, ಮಗಳನ್ನು ಹಾಲು ತರಲು ಅಂಗಡಿಗೆ ಕಳಿಸಿದಳು. ಬಿಂದು ಅತ್ತ ಹೋದದ್ದೇ ತಡ, ನಾನು ಶುರು ಮಾಡಿದೆ.

"ಚಿಕ್ಕಮಾರಮ್ಮ, ನಿಮ್ಮ ಮಗಳು ನಮ್ಮನೇಲಿ ಏನ್ ಮಾಡ್ತಿದಾಳೆ ಅಂತ ನಿಮಗೆ ಗೊತ್ತಾ?"

"ಯಾಕಕ್ಕ, ಏನ್ ಮಾಡುದ್ಲು?"

"ತೂತು ಮಾಡಿದ ನಿಂಬೆಹಣ್ಣು ಹಿತ್ತಿಲಲ್ಲಿ ಬಚ್ಚಿಟ್ಟಿದ್ಲು. ಒಂದಲ್ಲ, ಐದು. ಒಳಗೆ ಅರಿಸಿನ."

ಅವಳು ತಲೆ ತಗ್ಗಿಸಿದಳು. "ಅದು ನಾನೇ ಹೇಳಿದ್ದು ಕಣಕ್ಕ," ಅಂದಳು.

ತಾಯಿ ಮಗಳು ಸೇರಿಯೇ ಮಾಡುತ್ತಿದ್ದಾರೆ! "ಏನು ಧೈರ್ಯ ರೀ ನಿಮಗೆ! ನನ್ನ ಉಗುರು ಕದ್ದು, ಪೊಟ್ಟಣ ಕಟ್ಟಿ, ಅಮಾವಾಸ್ಯೆ ತಾರೀಕು ಬರೆದು, ನನಗೇ ಮಾಟ ಮಾಡ್ಸೋಕೆ ಹೊರಟಿದ್ರಾ?"

"ಮಾಟನಾ?" ಚಿಕ್ಕಮಾರಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಅವಳ ಮುಖ ಕೆಂಪಾಯಿತು. ಅಷ್ಟು ಹೊತ್ತೂ ಇದ್ದ ಮೆತ್ತನೆಯ ದನಿ ಹೋಯಿತು. "ಯಾವ್ ಮಾಟ? ನನ್ ಮಗಳು ಹತ್ತು ಬೆರಳ ಉಗುರೂ ಕಳ್ಕೊಂಡು ನೋವು ತಿಂತಾವ್ಳೆ. ಬೆರಳಿಗೆ ಸಿಕ್ಕಿಸ್ಕೊ ಅಂತ ನಾನು ನಿಂಬೆಹಣ್ಣು ಹೇಳ್ದೆ. ಆಫೀಸಿಂದ ಬಂದು, ಬಚ್ಚಲಲ್ಲಿ ಕೂತು, ಒಂದು ಕೈ ಆದ್ಮೇಲೆ ಒಂದು ಕೈ ಮಾಡ್ಕೋತಿತ್ತು ಮಗ. ಅದ್ನ ಮಾಟ ಅಂತೀರಾ?"

"ಉಗುರಿಗೆ ಏನಾಗಿದೆ? ದಿನಾ ನೋಡ್ತೀನಲ್ಲ, ಪಾಲಿಶ್ ಹಚ್ಕೊಂಡು ಮೆರೀತಾಳೆ."

"ಪಾಲಿಶ್ ಕೆಳಗೆ ಏನದೆ ಅಂತ ಕಂಡಿದೀರಾ? ನೀವೇ ಹೇಳಿದ್ರಲ್ಲಕ್ಕ ಮದ್ವೆಗೆ ಮುಂಚೆ, ಉಗುರಿಗೆ ಏನಾದ್ರೂ ಮಾಡ್ಸಿ ಅಂತ. ಮರ್ತ್ರಾ?"

ಮರೆತಿರಲಿಲ್ಲ. ನೆನಪು ಮಾಡಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ ಅಷ್ಟೇ. ಹೆಣ್ಣು ನೋಡಲು ಬಂದದ್ದು ಹುಣಸೆ ಸುಗ್ಗಿಯಲ್ಲಿ. ಬಿಂದು ಕೇಸರಿಭಾತ್ ತಟ್ಟೆ ಕೊಟ್ಟಾಗ ನಾನು ಮೊದಲು ನೋಡಿದ್ದು ಅವಳ ಉಗುರನ್ನು. ಅಂಗನವಾಡಿಯಲ್ಲಿ ಸೋಮವಾರ ಸೋಮವಾರ ಮಕ್ಕಳ ಕೈ ಹಿಡಿದು ಉಗುರು ನೋಡಿ ರೂಢಿ ನನಗೆ. ತಾಯಿಯ ಜೊತೆ ಹುಳಿ ಬಿಡಿಸಿ ಬಿಡಿಸಿ ಆ ಉಗುರುಗಳ ಸಂದೆಲ್ಲ ಕಪ್ಪಾಗಿತ್ತು. ಹೊರಡುವಾಗ ಚಿಕ್ಕಮಾರಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದ್ದೆ: ಧಾರೆ ಎರೆಯುವಾಗ ಫೋಟೋದವರು ಕೈಯನ್ನೇ ಹತ್ತಿರದಿಂದ ತೆಗೀತಾರೆ, ಆ ಉಗುರು ನೋಡೋಕೆ ಅಸಹ್ಯವಾಗಿದೆ, ಅಷ್ಟರೊಳಗೆ ಏನಾದರೂ ಮಾಡಿಸಿ. ಮದುವೆಯ ದಿನ ಉದ್ದುದ್ದ ಹೊಳೆಯುವ ಉಗುರು ನೋಡಿ ಪರವಾಗಿಲ್ಲ, ಮಾತು ಕೇಳಿದ್ದಾರೆ ಅಂತ ಒಳಗೊಳಗೇ ಮೆಚ್ಚಿಕೊಂಡಿದ್ದೆ.

"ತುಮಕೂರಲ್ಲಿ ಪಾರ್ಲರಿಗೆ ಕರ್ಕೊಂಡು ಹೋಗಿ ಅಂಟಿನ ಉಗುರು ಹಾಕಿಸ್ದೆ," ಅಂದಳು ಚಿಕ್ಕಮಾರಮ್ಮ. "ತೆಗೆಯೋಕೂ ಅವ್ರತ್ರನೇ ಹೋಗ್ಬೇಕಂತೆ. ಹೊಸ ಮದುಮಗಳು, ನಾಲ್ಕನೇ ದಿನಕ್ಕೆ ಮುದ್ದೆ ಕಟ್ಟು ಅಂದ್ರಿ ನೀವು. ಆ ಉಗುರಲ್ಲಿ ಹೆಂಗೆ ಕಟ್ಟೋದು? ಪಾರ್ಲರಿಗೆ ಹೋಗ್ಬೇಕು ಅಂತ ನಿಮ್ಮನ್ನ ಕೇಳೋಕೆ ಭಯ. ಬಿಸಿನೀರಲ್ಲಿ ನೆನಸಿ ತಾನೇ ಕಿತ್ಕೊಂಡವ್ಳೆ. ಅಂಟಿನ ಜೊತೆ ಸ್ವಂತ ಉಗುರೂ ಪೊರೆ ಪೊರೆಯಾಗಿ ಬಂತು. ಯಾರಿಗೂ ತೋರಿಸ್ಬೇಡ, ಹೊಸ ಸೊಸೆ ಕೈಗೆ ಕಾಯಿಲೆ ಬಂದದೆ ಅಂತಾರೆ ಅಂತ ನಾನೇ ಬಾಯಿ ಮುಚ್ಚಿಸಿದ್ದೆ. ನೀವು ಹೇಳಿದ್ದಕ್ಕೆ ಮಾಡ್ಸಿದ್ದು ಅಂತ ಅವ್ಳಿಗೆ ಗೊತ್ತಿಲ್ಲ. ಹೋಗೋ ಮನೆ ಮೇಲೆ ಮೊದ್ಲೇ ಮನಸು ಮುರೀಬಾರ್ದು ಅಂತ, ನನ್ ಆಸೆ ಅಂತ ಹೇಳಿದ್ದೆ."

ಬಾಗಿಲಲ್ಲಿ ಬಿಂದು ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದಳು. ಆಗ ತಾನೇ ಬಂದಿದ್ದಳು, ಚಪ್ಪಲಿ ಇನ್ನೂ ಬಿಟ್ಟಿರಲಿಲ್ಲ. ತಾಯಿ ಮಾತು ನಿಲ್ಲಿಸಿ, "ಬಾ ಮಗ, ನಿಮ್ಮತ್ತೆಗೆ ಕೈ ತೋರ್ಸು. ನೀನು ಮಾಟ ಮಾಡ್ತಿದೀಯ ಅಂತ ತಿಳ್ಕೊಂಡವ್ರೆ," ಅಂದಳು.

ಬಿಂದು ನನ್ನನ್ನೇ ನೋಡಿದಳು. ಒಳಗೆ ಹೋಗಿ ಹತ್ತಿ, ರಿಮೂವರ್ ತಂದಳು. ನನ್ನ ಎದುರಿಗೆ ಕೂತು ಬಲಗೈ ಹೆಬ್ಬೆರಳಿನ ಬಣ್ಣ ಒರೆಸಿದಳು, ಆಮೇಲೆ ತೋರುಬೆರಳು, ಆಮೇಲೆ ಮಿಕ್ಕವು.

ನಾನು ಸಾವಿರಾರು ಮಕ್ಕಳ ಉಗುರು ನೋಡಿದ್ದೇನೆ. ಇಂಥದ್ದು ನೋಡಿರಲಿಲ್ಲ. ಒಂದು ಕಡೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಬೆಳ್ಳಗೆ ಎದ್ದು, ಇನ್ನೊಂದು ಕಡೆ ಹಳದಿಗಟ್ಟಿ ದಪ್ಪವಾಗಿ, ಅಂಚು ಅಂಚೇ ಹರಿದುಹೋಗಿತ್ತು. ಎರಡು ಬೆರಳಲ್ಲಿ ಉಗುರು ಅರ್ಧಕ್ಕೇ ನಿಂತು, ಮುಂದೆ ಬರೀ ಮಾಂಸ. ಆದರೆ ಪ್ರತಿ ಉಗುರಿನ ಬುಡದಲ್ಲೂ ಒಂದು ಚೂರು, ಅಕ್ಕಿಕಾಳಿನ ಅಗಲದಷ್ಟು, ಗುಲಾಬಿ ಬಣ್ಣದ್ದು ನುಣ್ಣಗೆ ಹುಟ್ಟುತ್ತಿತ್ತು.

"ಇದು ಹೊಸದು," ಅಂದಳು ಆ ಗುಲಾಬಿ ಪಟ್ಟಿಯನ್ನು ತೋರಿಸಿ. "ನಾಲ್ಕು ವಾರದ ಕೆಳಗೆ ತುಮಕೂರಲ್ಲಿ ಚರ್ಮದ ಡಾಕ್ಟರ್ ಹತ್ರ ಹೋಗಿದ್ದೆ. ನಿಂಬೆಹಣ್ಣು ಮೊದ್ಲು ಬಿಸಾಕು, ಗಾಯಕ್ಕೆ ಹುಳಿ ಹಾಕ್ತಾರಾ ಅಂತ ಬೈದ್ರು. ಉಗುರು ಚಿಕ್ಕದಾಗಿ ಕತ್ತರಿಸ್ಕೋಬೇಕು. ನೀರಲ್ಲಿ ಕೈ ನೆನೀಬಾರ್ದು, ಅದಕ್ಕೇ ಗ್ಲೌಸು. ಒದ್ದೆ ಆದ್ರೆ ತಕ್ಷಣ ಒರೆಸ್ಬೇಕು. ಎದ್ದಿರೋ ಉಗುರನ್ನ ಕೀಳ್ಬಾರ್ದು, ತಾನಾಗೇ ಮುಂದೆ ಹೋಗೋ ತನಕ ಕಾಯ್ಬೇಕು. ಆರು ತಿಂಗಳು ಆಗುತ್ತಂತೆ. ಫಂಗಸ್ ಇದ್ಯಾ ಇಲ್ವಾ ನೋಡ್ಬೇಕು, ಕತ್ತರಿಸಿದ ಚೂರು ಕಾಗದದಲ್ಲಿ ಕಟ್ಟಿ ಈ ಶನಿವಾರ ತಂದ್ಕೊಡು ಅಂದಿದ್ರು. ಪಾಲಿಶ್ ಮಾತ್ರ ಹಚ್ಲೇಬೇಡ ಅಂದಿದ್ರು."

"ಮತ್ತೆ ಯಾಕೆ ಹಚ್ತಿದ್ದೆ?"

"ನೀವು ನೋಡ್ತಿದ್ರಲ್ಲ ಅತ್ತೆ," ಅಂದಳು.

"ಆ ಪೊಟ್ಟಣ ನಾನು ಒಲೆಗೆ ಹಾಕ್ದೆ," ಅಂದೆ. ಇನ್ನೊಂದು ಸಲ ಕತ್ತರಿಸುವಷ್ಟು ಬೆಳೆಯಲು ತಿಂಗಳಾದರೂ ಬೇಕು ಅಂತ ಆ ಬೆರಳು ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಬಿಂದು ಬೈಯುತ್ತಾಳೆ ಅಂದುಕೊಂಡೆ. ಅವಳು ನಕ್ಕಳು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದೆ, ಆಮೇಲೆ ನಗುತ್ತಲೇ ಅಳುತ್ತಾ. "ಮಾಟನಾ ಅತ್ತೆ? ಬರೀ ಮಾಟನಾ? ನೀವು ಕಾಫಿ ದಾಸವಾಳಕ್ಕೆ ಸುರಿಯೋದು ಕಿಟಕೀಲಿ ದಿನಾ ನೋಡ್ತಿದ್ದೆ. ನನ್ ಕೈ ನೋಡ್ಬಿಟ್ಟಿದಾರೆ, ಅಸಹ್ಯ ಪಟ್ಕೊಂಡು ಕುಡೀತಿಲ್ಲ ಅಂತ ಎಷ್ಟು ಅತ್ತಿದೀನಿ ಗೊತ್ತಾ? ಅವರು ಊರಿಗೆ ಹೋಗು ಅಂದಾಗ್ಲೂ ಅದಕ್ಕೇ ಅನ್ಕೊಂಡೆ." ಅವಳು ಕಣ್ಣೊರೆಸಿಕೊಂಡಳು. "ಅಸಹ್ಯ ಅಂತ ಅಲ್ವಲ್ಲ ಅತ್ತೆ? ಯಾವತ್ತೂ ಹಂಗನ್ಕೊಂಡಿಲ್ಲ ಅಲ್ವಾ?"

ಅಲ್ಲಮ್ಮ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಚಿಕ್ಕಮಾರಮ್ಮ ನೆಲ ನೋಡುತ್ತಿದ್ದಳು, ಅವಳಂತೂ ಬಾಯಿ ಬಿಡುವವಳಲ್ಲ. ಹುಡುಗಿಯ ಮುಖದಲ್ಲಿ ಎಂಥಾ ನಿರಾಳ ಇತ್ತು ಅಂದರೆ, ಅದನ್ನು ಕೆಡಿಸಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಸುಳ್ಳು ಹೇಳಿಯಾಗಿತ್ತು. ಅಷ್ಟು ಹತ್ತಿರದಿಂದ ಆ ಬೆರಳು ನೋಡಿದ ಮೇಲೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಅಂದಿದೀನಿ ಕಣಮ್ಮ," ಅಂದೆ. "ಹೆಣ್ಣು ನೋಡೋಕೆ ಬಂದ ದಿನವೇ ಅಂದಿದೀನಿ. ಉಗುರು ಅಸಹ್ಯವಾಗಿದೆ, ಏನಾದ್ರೂ ಮಾಡ್ಸಿ ಅಂತ ನಿಮ್ಮಮ್ಮನಿಗೆ ಹೇಳಿದ್ದು ನಾನು. ಅವರ ಆಸೆ ಅಲ್ಲ ಅದು."

ಅವಳು ತಾಯಿಯ ಕಡೆ ನೋಡಿದಳು. ತಾಯಿ ತಲೆ ಎತ್ತಲಿಲ್ಲ. ನಗು ಎಲ್ಲಿ ಹೋಯಿತೋ ಹೋಯಿತು. ಕೈಯನ್ನು ನಿಧಾನವಾಗಿ ನನ್ನ ಎದುರಿನಿಂದ ಎಳೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು.

"ಬಾ ಬಿಂದು, ಮನೆಗೆ ಹೋಗೋಣ," ಅಂದೆ. "ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ನೀನು ನೀರು ಮುಟ್ಬೇಡ, ಪಾತ್ರೆ ಬಟ್ಟೆ ಎಲ್ಲ ನಾನೇ ನೋಡ್ಕೋತೀನಿ."

"ನಿಮ್ಮ ಫೋನ್ ಕೊಡಿ ಅತ್ತೆ."

ಕೊಟ್ಟೆ. ಅವಳು ಮೋಹನನ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಚಾಪೆಯ ಮೇಲೆ ಇಟ್ಟಳು. ಎರಡೇ ರಿಂಗಿಗೆ ಎತ್ತಿದ.

"ಏನಮ್ಮ, ಬಿಟ್ಟು ಹೊರಟ್ಯಾ?" ಅಂದ ಮೋಹನ. "ಒಪ್ಕೊಂಡ್ಲಾ? ಅವರಮ್ಮ ಏನಂದ್ರು?"

ಮೂವರಿಗೂ ಕೇಳಿಸಿತು. ನಾನು ಹೇಳದಿದ್ದರೂ ನನ್ನ ಲೆಕ್ಕವನ್ನು ಅವನು ಊಹಿಸಿದ್ದ. ಮಗ ನನ್ನಷ್ಟು ಕೆಟ್ಟವನಲ್ಲ ಅಂತ ನಾನು ಅಲ್ಲಿಯ ತನಕ ತಿಳಿದಿದ್ದೆ, ಅವಳೂ ಹಾಗೇ ತಿಳಿದಿದ್ದಳು ಅಂತ ಕಾಣುತ್ತದೆ. ಬಿಂದು ಫೋನನ್ನೇ ನೋಡುತ್ತಾ, "ಹೇಳಿ ಅತ್ತೆ," ಅಂದಳು.

"ಮೋಹನ, ತಪ್ಪು ನಂದು ಕಣೋ."

"ಹಂಗಲ್ಲ," ಅಂದಳು ಬಿಂದು. "ಮೊದಲಿಂದ ಹೇಳಿ."

ಹೇಳಿದೆ. ಹೆಣ್ಣು ನೋಡಲು ಬಂದ ದಿನದಿಂದ ಶುರು ಮಾಡಿ, ಅಂಟಿನ ಉಗುರು, ಮುದ್ದೆ, ನಿಂಬೆಹಣ್ಣು, ಬ್ಯಾಗು, ನೀರೊಲೆ, ಬಸ್‌ಸ್ಟ್ಯಾಂಡಿನ ಸುಳ್ಳಿನ ತನಕ ಒಂದೂ ಬಿಡದೆ ಹೇಳಿದೆ. ನಡುವೆ ಎರಡು ಸಲ ಕೆಮ್ಮಿ ನಿಲ್ಲಿಸಿದೆ. ಅವಳು ಕಾದಳು, ನೀರು ಬೇಕಾ ಅಂತ ಕೇಳಲಿಲ್ಲ. ಕೊನೆಗೆ ಮೋಹನ, "ಫೋನ್ ಅವಳಿಗೆ ಕೊಡಮ್ಮ," ಅಂದ.

ಅವಳು ತಲೆ ಅಲ್ಲಾಡಿಸಿದಳು. "ಫೋನಲ್ಲಿ ಬೇಡ. ಮಾತಾಡೋದಿದ್ರೆ ಬಂದು ಮಾತಾಡ್ಲಿ. ನಾನು ಇಲ್ಲೇ ಇರ್ತೀನಿ, ಉಗುರು ಪೂರ್ತಿ ಬರೋ ತನಕ. ಆಫೀಸಿಗೆ ಇಲ್ಲಿಂದ್ಲೇ ಹೋಗ್ತೀನಿ."

"ಉಗುರು ಬಂದ್ಮೇಲೆ?" ಅಂತ ಕೇಳಿದೆ.

"ಬರ್ಲಿ ಅತ್ತೆ, ನೋಡೋಣ," ಅಂದಳು.

ಚಿಕ್ಕಮಾರಮ್ಮ ಊಟ ಮಾಡಿಕೊಂಡು ಹೋಗಿ ಅಂತ ಬಲವಂತ ಮಾಡಿದಳು, ನನಗೆ ಕೂರಲಾಗಲಿಲ್ಲ. ಬಿಂದು ಬಾಗಿಲ ತನಕ ಬಂದು, ಹುಷಾರಾಗಿ ಹೋಗಿ ಅಂದಳು, ಅಷ್ಟೇ. ಮಧ್ಯಾಹ್ನ ಎರಡೂಕಾಲಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ, ಪಕ್ಕದ ಸೀಟು ಖಾಲಿಯೇ ಇತ್ತು. ಅವಳನ್ನು ಕುಣಿಗಲ್‌ನಲ್ಲಿ ಬಿಟ್ಟು ಬರಬೇಕು ಅಂತಲೇ ಬೆಳಿಗ್ಗೆ ಮನೆ ಬಿಟ್ಟವಳು ನಾನು. ಬಿಟ್ಟು ಬಂದೆ.